ಮಣ್ಣು ಮೆತ್ತುವ ಕಪ್ಪೆಯ ಊರಿನಲ್ಲಿ

ಅಗೋ, ಎದ್ದು ನಿಂತಿತು!

ಹಿಂಗಾಲು ಎರಡನ್ನೂ ಹಳ್ಳದಂಚಿನ ಕೆಸರಿಗೆ ಊರಿ, ಮೈ ನೆಟ್ಟಗೆ ಮಾಡಿ ಒಂದು ಕಪ್ಪೆ ನಿಂತಿದೆ. ಕೂತಿಲ್ಲ, ಕುಪ್ಪಳಿಸುತ್ತಿಲ್ಲ, ನಿಂತಿದೆ! ಮುಂಗೈ ಎರಡರಲ್ಲೂ ಮಣ್ಣು. ತಲೆಗೆ ತುಸು ಮೇಲೆ, ನೀರಿನ ಕಡೆ ಬಾಗಿದ ಒಣಕೊಂಬೆ. ಕೊಂಬೆಗೆ ಅಂಟಿಕೊಂಡ ಮೊಟ್ಟೆಗಳ ಸಣ್ಣ ಗುಂಪು. ಕಪ್ಪೆ ಕೈ ಎತ್ತಿತು, ಮೊಟ್ಟೆಗಳ ಮೇಲೆ ಮಣ್ಣು ಒತ್ತಿತು, ಸವರಿತು. ಬಗ್ಗಿ ಮತ್ತಷ್ಟು ತೆಗೆಯಿತು. ಮತ್ತೆ ಎದ್ದಿತು, ಮತ್ತೆ ಒತ್ತಿತು. ಕಾಲಿಗೆ ಉಂಬಳ ಹತ್ತಿದ್ದು ಗೊತ್ತಿದ್ದೂ ಕಿತ್ತೆಸೆಯಲು ನಮ್ಮಲ್ಲಿ ಯಾರಿಗೂ ಮನಸ್ಸಿಲ್ಲ. ಹೈಸ್ಕೂಲು ಹುಡುಗಿಯೊಬ್ಬಳು ಕೆಂಪು ಜಿಲೆಟಿನ್ ಕಾಗದ ಸುತ್ತಿದ ಟಾರ್ಚನ್ನು ಒಂದಿಷ್ಟೂ ಅಲುಗಾಡಿಸದೆ ಹಿಡಿದಿದ್ದಾಳೆ. ಅವಳ ಪಕ್ಕದಲ್ಲಿ ಮಾಸ್ತರರು ಗಡಿಯಾರ ನೋಡಿ ಪಿಸುಗುಟ್ಟಿದರು: “ಬರ್ಕೋ ಮಾಣಿ, ಬೇಗ ಬರ್ಕೋ!”

ಮಾಣಿ ಬರೆದುಕೊಂಡ. ಹೊತ್ತು, ಜಾಗ, ಮಳೆ ಹೊಳವಾಗಿತ್ತು ಎಂಬ ಟಿಪ್ಪಣಿ, ಕೊನೆಗೆ ಹೆಸರು: ಕುಂಬಾರ ಕಪ್ಪೆ.

ವಿಜ್ಞಾನದ ದಫ್ತರಿನಲ್ಲಿ ಇದು ನಿಕ್ಟಿಬ್ಯಾಟ್ರಾಕಸ್ ಕುಂಬಾರ. ಕೆ.ವಿ. ಗುರುರಾಜ, ಕೆ.ಪಿ. ದಿನೇಶ್, ಎಚ್. ಪ್ರೀತಿ ಮತ್ತು ಜಿ. ರವಿಕಾಂತ್ ಇದನ್ನು ಹೊಸ ಪ್ರಭೇದವೆಂದು ಲೋಕದ ಮುಂದಿಟ್ಟದ್ದು 2014ರಲ್ಲಿ. ಮೊಟ್ಟೆಗೆ ಮಣ್ಣು ಮೆತ್ತಿ ಕಾಪಾಡುವ ಕಪ್ಪೆ ಅದಕ್ಕೆ ಮುಂಚೆ ಭೂಮಿಯ ಮೇಲೆ ಎಲ್ಲೂ ದಾಖಲಾಗಿರಲಿಲ್ಲ! ಇನ್ನೂ ಸೋಜಿಗ ಕೇಳಿ. ಈ ಕೆಲಸ ಮಾಡುತ್ತಿರುವುದು ತಾಯಿಯಲ್ಲ, ತಂದೆ. ಹೆಣ್ಣು ಮೊಟ್ಟೆಯಿಟ್ಟು ತನ್ನ ಪಾಡಿಗೆ ಹೊರಟುಹೋಯಿತು. ಮುಂದಿನ ಆರೈಕೆಯೆಲ್ಲ ಗಂಡಿನ ಪಾಲು. ಮೊಟ್ಟೆ ಒಣಗಬಾರದು, ಹೊಂಚುವ ಕಣ್ಣಿಗೆ ಬೀಳಬಾರದು, ಅದಕ್ಕೇ ಈ ಮಣ್ಣಿನ ಹೊದಿಕೆ ಎಂಬುದು ಅದನ್ನು ಅಭ್ಯಾಸ ಮಾಡಿದವರ ಲೆಕ್ಕಾಚಾರ.

ಇಷ್ಟು ದೊಡ್ಡ ಗುಟ್ಟು ಅಡಗಿದ್ದದ್ದು ಎಲ್ಲಿ? ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ. ಜೋಗದ ಕಡೆಯಿಂದ ಹೊನ್ನಾವರಕ್ಕೆ ಘಟ್ಟ ಇಳಿಯುವ ಹೆದ್ದಾರಿ ಅದರ ಮಗ್ಗುಲಲ್ಲೇ ಹಾದುಹೋಗುತ್ತದೆ. ನಿತ್ಯ ಬಸ್ಸು, ಲಾರಿ, ಜಲಪಾತ ನೋಡಲು ಹೊರಟ ಕಾರುಗಳ ಸಾಲು. ಕಿಟಕಿಯಿಂದ ಕೈ ಚಾಚಿದರೆ ಕಾಡಿನ ಎಲೆ ಸಿಗುವಷ್ಟು ಹತ್ತಿರ. ಆ ಕಾಡಿನೊಳಗೆ ಪ್ರತಿ ಮಳೆಗಾಲವೂ ಅಪ್ಪಂದಿರು ಎದ್ದು ನಿಂತು ಮಣ್ಣು ಮೆತ್ತುತ್ತಲೇ ಇದ್ದರು!

ಜಗಲಿಯ ಬಳಗ

ಈ ಸೀಮೆಯ ಊರೊಂದರ ನಿಸರ್ಗ ಬಳಗದ ಬೆನ್ನು ಹತ್ತಿ ಮಳೆಗಾಲದ ರಾತ್ರಿಗಳಲ್ಲಿ ಅಲೆಯುವುದೆಂದರೆ ಹುಚ್ಚು ಹಿಡಿಸುವ ಸುಖ. ಬಳಗಕ್ಕೆ ಕಚೇರಿಯಿಲ್ಲ, ಬೋರ್ಡಿಲ್ಲ. ನಿವೃತ್ತ ಮಾಸ್ತರರ ಮನೆಯ ಜಗಲಿಯೇ ಸಭಾಂಗಣ. ಹೊರಡುವ ಮುಂಚೆ ಒಂದು ಸುತ್ತು ಕಷಾಯ, ತಿರುಗಿ ಬಂದ ಮೇಲೆ ಇನ್ನೊಂದು ಸುತ್ತು. ನಡುವೆ ಹಳ್ಳ, ಗದ್ದೆ, ಬೆಟ್ಟ, ಕಾನು. ಸೇರುವವರು ಯಾರೆಂದು ನೋಡಿ: ಅಡಿಕೆ ತೋಟದ ಯಜಮಾನರು, ಅಂಗನವಾಡಿಯ ಅಕ್ಕೋರು, ಹೈಸ್ಕೂಲು ಮಕ್ಕಳು, ರಜೆಗೆ ಬಂದ ಇಂಜಿನಿಯರಿಂಗ್ ಹುಡುಗ, ಮತ್ತು ಇವರೆಲ್ಲರ ಗುರು, ಊರಿನ ಕೊನೆಗೌಡರು. ಅಡಿಕೆ ಮರ ಏರಿ ಕೊಳೆಗೆ ಔಷಧಿ ಹೊಡೆಯುವುದು, ಕೊನೆ ಇಳಿಸುವುದು ಅವರ ಕಸುಬು. ಮರದಿಂದ ಮರಕ್ಕೆ ತೂಗಾಡುತ್ತ, ನೆಲ ಮುಟ್ಟದೆ ಅರ್ಧ ತೋಟ ದಾಟುವವರು. ಆಯುಷ್ಯದ ಬಹುಪಾಲು ಹಕ್ಕಿಗಳ ಮಟ್ಟದಲ್ಲೇ ಕಳೆದವರ ಕಿವಿ ಹೇಗಿರಬೇಡ!

ಸಲಕರಣೆಗಳ ಪಟ್ಟಿ ಚಿಕ್ಕದು. ಗಂಬೂಟು, ತಲೆಗೆ ಕಟ್ಟುವ ಟಾರ್ಚು, ಉಂಬಳಕ್ಕೆ ಸುಣ್ಣ–ತಂಬಾಕಿನ ಗಂಟು, ಫೋನು. ಇವೆಲ್ಲಕ್ಕಿಂತ ಹೆಚ್ಚಿನ ಜೋಪಾನ ಒಂದು ರಟ್ಟಿನ ನೋಟ್‌ಬುಕ್ಕಿಗೆ. ಅದಕ್ಕೆ ಪ್ಲಾಸ್ಟಿಕ್ ಕೊಟ್ಟೆಯ ಅಂಗಿ ಬೇರೆ. ಅದರಲ್ಲಿ ಗೆರೆ ಎಳೆದು ಮನೆ ಮಾಡಿದ್ದಾರೆ: ತಾರೀಕು, ಹೊತ್ತು, ಜಾಗ, ಮಳೆ, ಏನು, ಎಷ್ಟು, ಯಾರು. ‘ಕಂಡದ್ದು’ ಮತ್ತು ‘ಕೇಳಿದ್ದು’ ಬೇರೆ ಬೇರೆ ಮನೆಗಳು. ಕತ್ತಲಲ್ಲಿ ಕೇಳಿದ್ದನ್ನು ಕಂಡೆ ಎಂದು ಬರೆಯುವಂತಿಲ್ಲ. ಹೆಸರು ಗೊತ್ತಿಲ್ಲದಿದ್ದರೆ ಊಹಿಸಿ ತುಂಬುವಂತಿಲ್ಲ, ಆ ಮನೆ ಖಾಲಿ ಬಿಡಬೇಕು. ಮುಟ್ಟುವುದಂತೂ ಕೂಡದೇ ಕೂಡದು. ಕಪ್ಪೆ ತನ್ನ ಒದ್ದೆ ಚರ್ಮದಿಂದಲೂ ಉಸಿರಾಡುವ ಜೀವ. ನಮ್ಮ ಕೈಯ ಸುಣ್ಣ, ತಂಬಾಕು, ಸೊಳ್ಳೆ ಮುಲಾಮು ಎಲ್ಲವೂ ಅದಕ್ಕೆ ಮೈಯೊಳಗೇ ಇಳಿಯುವ ವಿಷ.

ಅಷ್ಟೇ. ಇಷ್ಟು ಸರಳ ಕೆಲಸಕ್ಕೆ ಕಾಡು ಕೊಡುವ ಪ್ರತಿಫಲ ಮಾತ್ರ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಟಾರ್ಚು ಆರಿಸಿ, ಕಿವಿ ತೆರೆಯಿರಿ

ಹಳ್ಳ ದಾಟುವ ಸಂಕದ ಮೇಲೆ ಬಂದ ಕೂಡಲೇ ಮಾಸ್ತರರ ಅಪ್ಪಣೆ: “ಎಲ್ಲ ಟಾರ್ಚು ಆರ್ಸಿ.” ಕತ್ತಲೆ ದಬಕ್ಕನೆ ಮೈಮೇಲೆ ಬೀಳುತ್ತದೆ. ಮೊದಲು ಬರೀ ಗದ್ದಲ. ನೀರಿನ ಮೊರೆತ, ಜೀರುಂಡೆ, ಎಲೆಯಿಂದ ಹನಿಯುವ ಮಳೆ, ಎಲ್ಲ ಒಂದೇ ಮುದ್ದೆ. ತುಸು ಹೊತ್ತು ಕಳೆಯಲಿ, ಆಗ ನೋಡಿ ಚಮತ್ಕಾರ! ಮುದ್ದೆ ಬಿಡಿಸಿಕೊಳ್ಳತೊಡಗುತ್ತದೆ. ಎಡಗಡೆ ಪೊದೆಯ ಎತ್ತರದಲ್ಲಿ ಟಿಕ್, ಟಿಕ್, ಟಿಕ್. ಅದಕ್ಕೆ ಬಲಗಡೆಯಿಂದ ಇನ್ನೊಂದರ ಮಾರುತ್ತರ. ಕೆಳಗೆ ಗದ್ದೆಯ ಬದಿಯಿಂದ ಗಡಸು ಕೊಟರು. ಹಳ್ಳದ ಕಲ್ಲುಗಳ ಸಂದಿಯಿಂದ, ಎಲ್ಲೋ ತೀರ ಒಳಗಿನಿಂದ, ಮರ ಕುಟ್ಟಿದ ಸದ್ದು. ಒಬ್ಬೊಬ್ಬರಿಗೂ ತಮ್ಮದೇ ಎತ್ತರ, ತಮ್ಮದೇ ಶ್ರುತಿ, ತಮ್ಮದೇ ಲಯ. ಈ ಕೂಗುವವರೆಲ್ಲ ಗಂಡುಗಳು. ಆಯ್ಕೆ ಮಾಡುವವಳು ಕತ್ತಲಲ್ಲಿ ಎಲ್ಲೋ ಕೂತು ಕೇಳುತ್ತಿದ್ದಾಳೆ. ತನ್ನ ಜಾತಿಯವನ ದನಿ ಇಷ್ಟೆಲ್ಲ ಗಲಾಟೆಯ ನಡುವೆ ಅವಳಿಗೆ ತಪ್ಪದೆ ಸಿಗಬೇಕು. ಆದ್ದರಿಂದಲೇ ಎರಡು ಕಪ್ಪೆಗಳು ನೋಡಲು ಅವಳಿ–ಜವಳಿಯಾಗಿದ್ದರೂ ಕೂಗು ಮಾತ್ರ ಬೇರೆಯಾಗಿಯೇ ಇರುತ್ತದೆ.

ಕೊನೆಗೌಡರು ಕೈ ಎತ್ತಿದರು. “ತಡೀರಿ ಮಾಸ್ತರೇ. ಆ ಬದಿದು ಬೇರೆ.”

ನಮಗೆ ಏನೂ ಬೇರೆ ಕೇಳಲಿಲ್ಲ. ಹುಡುಗಿ ಫೋನನ್ನು ಆ ದಿಕ್ಕಿಗೆ ಹಿಡಿದು ಧ್ವನಿ ಮುದ್ರಿಸಿಕೊಂಡಳು. ಕೊನೆಯಲ್ಲಿ ತಾರೀಕು, ಜಾಗ, ಹೊತ್ತು ತಾನೇ ಹೇಳಿ ಮುಗಿಸಿದಳು. ಮರುದಿನ ಇಂಜಿನಿಯರಿಂಗ್ ಹುಡುಗ ಅದನ್ನು ಕಂಪ್ಯೂಟರಿಗೆ ಹಾಕಿದ. ಸದ್ದು ಚಿತ್ರವಾಗಿ ತೆರೆಯ ಮೇಲೆ ಬಂತು. ಅಡ್ಡಕ್ಕೆ ಕಾಲ, ಉದ್ದಕ್ಕೆ ಕಂಪನಾಂಕ. ಒಂದು ಕಪ್ಪೆಯ ಕೂಗು ಒತ್ತೊತ್ತಾದ ಗೆರೆಗಳ ಸಾಲಾಗಿ ಕೆಳಗೆ ಕೂತಿದೆ. ಅದಕ್ಕಿಂತ ಎಷ್ಟೋ ಮೇಲೆ, ಬಿಡಿಬಿಡಿಯಾಗಿ, ಇನ್ನೊಂದರ ಗೆರೆಗಳು! ಯಂತ್ರ ಬಿಡಿಸಿ ತೋರಿಸಿದ್ದನ್ನು ಆ ಕಿವಿ ಸಂಕದ ಮೇಲೆ ನಿಂತೇ ಬಿಡಿಸಿಬಿಟ್ಟಿತ್ತು.

ಕಿವಿಯಿಂದ ಹೊಸ ಜೀವಿ ಸಿಗುತ್ತದೆಯೇ? ಸಿಕ್ಕಿದೆ! ಇದೇ ಜಿಲ್ಲೆಯಲ್ಲಿ, ಘಟ್ಟದ ಕೆಳಗೆ ಕುಮಟಾ ಕಡೆಯ ಗದ್ದೆಗಳಲ್ಲಿ. ಅಲ್ಲಿ ಕೇಳಿಬರುತ್ತಿದ್ದ ಕೂಗೊಂದು ಮಿಂಚುಳ್ಳಿಯದಕ್ಕೆ ಹತ್ತಿರ, ಆದರೆ ಕೂಗುತ್ತಿದ್ದದ್ದು ಹಕ್ಕಿಯಲ್ಲ. ಬೆನ್ನು ಹತ್ತಿದರೆ ಸಿಕ್ಕಿದ್ದು ವಿಜ್ಞಾನಕ್ಕೆ ಅದುವರೆಗೆ ಗೊತ್ತಿರದ ಕಪ್ಪೆ. 2016ರಲ್ಲಿ ಅದು ಯುಫ್ಲಿಕ್ಟಿಸ್ ಕರಾವಳಿ ಎಂದು ಹೆಸರಾಯಿತು. ಆ ಪ್ರಬಂಧ ಬರೆದವರ ಸಾಲಿನಲ್ಲಿ ಸಂಶೋಧಕರ ಜೊತೆಜೊತೆಗೆ ಅರಣ್ಯ ಇಲಾಖೆಯಲ್ಲಿ ದುಡಿಯುವವರ ಹೆಸರೂ ಇದೆ. ಬತ್ತ ಬೆಳೆಯುವ ಗದ್ದೆ, ಜನ ದಿನಾ ಓಡಾಡುವ ಹಾಳಿ. ಅಲ್ಲೇ ಇಷ್ಟು ಕಾಲ ಕೂಗುತ್ತಿದ್ದ ಜೀವವೊಂದು ಲೋಕದ ಯಾವ ಪುಸ್ತಕದಲ್ಲೂ ಇರಲಿಲ್ಲ!

ಇನ್ನೂ ದಕ್ಷಿಣಕ್ಕೆ, ಮಣಿಪಾಲದ ಸುತ್ತಿನ ಮುರಕಲ್ಲಿನ ಪಾರೆಗಳಿಗೆ ಬನ್ನಿ. ಸರ್ಕಾರಿ ಕಡತದಲ್ಲಿ ‘ಪಾಳು’ ಎಂದು ಬರೆಸಿಕೊಳ್ಳುವ ನೆಲ. ಕಲ್ಲು ಕಡಿಯಲು, ಕಸ ಸುರಿಯಲು ಮಾತ್ರ ನೆನಪಾಗುವ ಜಾಗ. ಅಲ್ಲಿ ರಮಿತ್ ಸಿಂಗಲ್ ಊರವರ ಕಣ್ಣು–ಕಿವಿಗಳನ್ನು ಜೊತೆಗಿಟ್ಟುಕೊಂಡು ಮುರಕಲ್ಲಿನ ಜೀವಿಗಳನ್ನು ದಾಖಲಿಸಹೊರಟರು. ಸಿಕ್ಕಿದ್ದು ಒಂದೂವರೆ ಸೆಂಟಿಮೀಟರಿಗೆ ತುಸು ಮಿಕ್ಕಿದ, ಬೆರಳಿನ ಉಗುರಿನ ಮೇಲೆ ಕೂರಬಲ್ಲ ಕಪ್ಪೆ. ಅದರ ಕೂಗನ್ನು ಯಾರೇ ಕೇಳಿದರೂ ಜೀರುಂಡೆ ಎಂದು ಮುಂದೆ ಹೋಗುತ್ತಿದ್ದರು. ಅದೂ 2016ರಲ್ಲೇ ಮೈಕ್ರೊಹೈಲಾ ಲ್ಯಾಟರೈಟ್ ಎಂದು ನಾಮಕರಣಗೊಂಡಿತು. ‘ಪಾಳು’ ಬಿದ್ದ ಬಂಡೆ ಒಂದು ಪ್ರಭೇದದ ತವರಾಯಿತು.

ತೋಟದ ಕೆರೆಯ ಮೇಲೆ ನೊರೆಯ ತೊಟ್ಟಿಲು

ಹಳ್ಳದಿಂದ ತೋಟಕ್ಕೆ ಇಳಿದರೆ ಅಲ್ಲಿಯ ಬೆರಗೇ ಬೇರೆ. ತೋಟದ ತಲೆಗೆ ಒಂದು ಪುಟ್ಟ ಕೆರೆ. ಕೆರೆಯ ಮೇಲಕ್ಕೆ ಬಾಗಿದ ಪೊದೆಯ ಎಲೆಗಳ ನಡುವೆ ಬೆಳ್ಳನೆಯ ಮುದ್ದೆ. ಟಾರ್ಚು ಹಾಯಿಸಿದರೆ, ಅದರ ಪಕ್ಕದಲ್ಲೇ ಪಚ್ಚೆ ಹಸಿರಿನ ಹಾರುವ ಕಪ್ಪೆ! ಜೋಡಿಯೊಂದು ಇನ್ನೂ ಕೆಲಸದಲ್ಲಿದೆ. ಹೆಣ್ಣು ಹಿಂಗಾಲುಗಳಿಂದ ಸ್ರಾವವನ್ನು ಕಲಕುತ್ತಿದೆ, ಅದು ಮಜ್ಜಿಗೆ ಕಡೆದಾಗಿನ ನೊರೆಯ ಹಾಗೆ ಉಬ್ಬುಬ್ಬಿ ಬರುತ್ತಿದೆ. ಮೊಟ್ಟೆಗಳೆಲ್ಲ ಆ ನೊರೆಯೊಳಗೆ. ಹೊರಮೈ ಗಾಳಿಗೆ ಗಟ್ಟಿಯಾಗುತ್ತದೆ, ಒಳಗೆ ತೇವ ಉಳಿಯುತ್ತದೆ. ಮೊಟ್ಟೆ ಒಡೆದ ಗೊದಮೊಟ್ಟೆಗಳು ಮಳೆ ನೊರೆಯನ್ನು ಕರಗಿಸುವ ಹೊತ್ತಿಗೆ ಟಪಟಪನೆ ನೇರ ಕೆರೆಗೇ ಬೀಳುತ್ತವೆ. ಎಲೆ ನೀರಿನ ಮೇಲೆಯೇ ಬಾಗಿರಬೇಕು, ಒಂದು ಮಾರು ಆಚೆಯಿದ್ದರೂ ಮಕ್ಕಳು ನೆಲದ ಪಾಲು. ಈ ಲೆಕ್ಕ ಅದಕ್ಕೆ ಕಲಿಸಿದವರು ಯಾರು?

ಅಷ್ಟರಲ್ಲಿ ಮೇಲಿನ ಕೊಂಬೆಯಿಂದ ಇನ್ನೊಂದು ಗಂಡು ಜಿಗಿಯಿತು. ಜಿಗಿದದ್ದಷ್ಟೇ ಅಲ್ಲ, ಬೆರಳುಗಳನ್ನು ಅಗಲಿಸಿತು. ಕೆಂಪು–ಕಿತ್ತಳೆ ಬಣ್ಣದ ಜಾಲಪೊರೆ ನಾಲ್ಕೂ ಕಾಲಲ್ಲಿ ಒಮ್ಮೆಲೇ ಬಿಚ್ಚಿಕೊಂಡಿತು. ಗಾಳಿಯಲ್ಲಿ ತೇಲಿ, ಕೆರೆಯ ಅಷ್ಟಗಲವನ್ನೂ ದಾಟಿ, ಆಚೆ ದಂಡೆಯ ಅರಿಶಿನದ ಎಲೆಯ ಮೇಲೆ ಬಂದು ಕೂತಿತು. ಅಕ್ಕೋರು ಬಾಯಿ ಮುಚ್ಚಿಕೊಂಡು ಕೂಗಿದರು. ಟಿ.ಸಿ. ಜೆರ್ಡನ್ ಈ ಕಪ್ಪೆಯನ್ನು ವಿವರಿಸಿದ್ದು 1870ರಲ್ಲಿ. ಅಂದಿನಿಂದ ಎಷ್ಟು ಜನ ಕಂಡಿದ್ದಾರೋ! ಆದರೂ ಪ್ರತಿಯೊಬ್ಬರಿಗೂ ಮೊದಲ ಸಲ ಅದು ಮೊದಲ ಸಲವೇ.

ಪೊದೆಗಪ್ಪೆಗಳ ಕಥೆ ಇನ್ನೂ ವಿಚಿತ್ರ. ರಾತ್ರಿಯಿಡೀ ಟಿಕ್ ಟಿಕ್ ಎನ್ನುತ್ತಿದ್ದವಲ್ಲ, ಅವೇ. ಚಿಟಿಕೆ ಉಪ್ಪಿನಷ್ಟು ಪುಟ್ಟ ಮೈ, ಗಂಟಲಡಿಯ ಪಾರದರ್ಶಕ ಚೀಲ ಉಬ್ಬಿದರೆ ಕಪ್ಪೆಯೇ ಅದರ ಹಿಂದೆ ಮರೆಯಾಗುತ್ತದೆ. ಶಾಲೆಯಲ್ಲಿ ನಾವೆಲ್ಲ ಕಪ್ಪೆಯ ಜೀವನಚಕ್ರದ ಚಿತ್ರ ಬರೆದವರೇ: ಮೊಟ್ಟೆ, ಗೊದಮೊಟ್ಟೆ, ಬಾಲದ ಕಪ್ಪೆ, ಕಪ್ಪೆ. ರಾವೋರ್ಕೆಸ್ಟಿಸ್ ಕುಲದ ಈ ಪೊದೆಗಪ್ಪೆಗಳು ಆ ಚಿತ್ರವನ್ನೇ ಅಳಿಸಿಹಾಕಿವೆ! ಇವುಗಳಿಗೆ ನೀರಲ್ಲಿ ಈಜುವ ಗೊದಮೊಟ್ಟೆಯ ಹಂತವೇ ಇಲ್ಲ. ಎಲೆಯ ಮೇಲೋ ತರಗೆಲೆಯ ತೇವದಲ್ಲೋ ಇಟ್ಟ ಮೊಟ್ಟೆಯೊಳಗೇ ಎಲ್ಲ ಬೆಳವಣಿಗೆ ಮುಗಿದು, ನಾಲ್ಕು ಕಾಲಿನ ಪೂರ್ಣ ಕಪ್ಪೆಮರಿ ಹೊರಗೆ ಬರುತ್ತದೆ. ಕೆರೆಯ ಹಂಗಿಲ್ಲ, ಮಳೆಗಾಲದ ತೇವ ಸಾಕು. ಒಂದೇ ಊರಿನ ಒಂದೇ ರಾತ್ರಿಯಲ್ಲಿ ಮಣ್ಣಿನ ಹೊದಿಕೆ, ನೊರೆಯ ಗೂಡು, ಮೊಟ್ಟೆಯೊಳಗಿನ ಬಾಲ್ಯ: ಮಕ್ಕಳನ್ನು ಬದುಕಿಸಲು ಮೂರು ಜೀವಿಗಳು ಕಂಡುಕೊಂಡ ಮೂರು ಹಾದಿ.

ಶಾಲೆಯ ಗೋಡೆಗೆ ಬಿಳಿ ಪಂಚೆ

ಅಮಾವಾಸ್ಯೆಯ ಆಸುಪಾಸು ಬಂತೆಂದರೆ ಬಳಗ ಶಾಲೆಯ ಅಂಗಳಕ್ಕೆ ವಲಸೆ. ಬೆಳದಿಂಗಳಿಲ್ಲದ ರಾತ್ರಿ ಪತಂಗಗಳಿಗೆ ಪ್ರಶಸ್ತ. ಎರಡು ಕಂಬದ ನಡುವೆ ಬಿಳಿ ಪಂಚೆ ಕಟ್ಟಿ, ಮುಂದೆ ಒಂದು ದೀಪ ಹಚ್ಚಿಟ್ಟರೆ ಮುಗಿಯಿತು. ಅರ್ಧ ಗಂಟೆಯಲ್ಲಿ ಪಂಚೆಯ ಬಿಳಿ ಮಾಯ! ಒಣಗಿದ ಎಲೆಯೆಂದು ತಿಳಿದದ್ದು ರೆಕ್ಕೆ ಬಿಚ್ಚುತ್ತದೆ. ಹಕ್ಕಿಯ ಹಿಕ್ಕೆ ಎಂದುಕೊಂಡದ್ದು ನಡೆದುಹೋಗುತ್ತದೆ. ಕಡ್ಡಿಯ ಚೂರಿಗೆ ಕಾಲು ಮೂಡುತ್ತದೆ. ಭಾರತದಲ್ಲಿ ಪತಂಗಗಳ ಬಗೆ ಹತ್ತು ಸಾವಿರಕ್ಕೂ ಮಿಕ್ಕಿವೆ. ಹಗಲು ಹಾರುವ ಚಿಟ್ಟೆಗಳು ಅದರ ಮುಂದೆ ಸಾವಿರದ ಲೆಕ್ಕದಲ್ಲಷ್ಟೇ. ಚಿಟ್ಟೆಗೆ ಪುಸ್ತಕವಿದೆ, ಅಭಿಮಾನಿಗಳಿದ್ದಾರೆ. ರಾತ್ರಿಯ ಈ ಲೋಕವನ್ನು ತಿರುಗಿ ನೋಡುವವರು ಈಗೀಗ ಹುಟ್ಟಿಕೊಳ್ಳುತ್ತಿದ್ದಾರೆ.

ಆಮೇಲೆ ಬಂತು ನೋಡಿ, ಅಟ್ಲಾಸ್! ಮೊದಲು ಬಾವಲಿಯೆಂದು ಮಕ್ಕಳು ತಲೆ ತಗ್ಗಿಸಿದರು. ಪಂಚೆಯ ಅಂಚಿಗೆ ಬಂದು ರೆಕ್ಕೆ ಹರವಿ ಕೂತಾಗ ಮಾಸ್ತರರು ಗೇಣು ಹಾಕಿ ದೂರದಿಂದಲೇ ಅಳೆದರು. ಒಂದು ಗೇಣಿಗೂ ಮಿಗಿಲು. ಕೆಂಗಂದು ರೆಕ್ಕೆಯ ನಡುವೆ ಗಾಜಿನ ಕಿಟಕಿಗಳಂಥ ಮುಕ್ಕೋನ ಮಚ್ಚೆ, ರೆಕ್ಕೆಯ ತುದಿಯಲ್ಲಿ ಹಾವಿನ ಮೋರೆಯ ಚಿತ್ತಾರ. “ಇದು ಎಂತ ತಿಂತು ಮಾಸ್ತರೇ?” ಎಂದ ಪುಟ್ಟ ಹುಡುಗ. ಉತ್ತರ ಕೇಳಿ ನಾವು ಬೆಚ್ಚಿದೆವು: ಏನೂ ಇಲ್ಲ! ರೆಕ್ಕೆ ಬಂದ ಅಟ್ಲಾಸ್ ಪತಂಗಕ್ಕೆ ತಿನ್ನಲು ಬಾಯೇ ಇಲ್ಲ. ಕಂಬಳಿಹುಳುವಾಗಿದ್ದಾಗ ದಾಲ್ಚಿನ್ನಿ, ಪೇರಲೆ ಎಲೆ ಮೆಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ಒಂದೆರಡು ವಾರದ ಬದುಕು. ಅಷ್ಟರೊಳಗೆ ಜೊತೆ ಸಿಗಬೇಕು, ಮೊಟ್ಟೆ ಇಡಬೇಕು. ಗರಿಯಂಥ ಮೀಸೆಗಳು ಗಂಡಿಗೆ ಇರುವುದೇ ಅದಕ್ಕೆ. ಗಾಳಿಯಲ್ಲಿ ತೇಲಿಬರುವ ಹೆಣ್ಣಿನ ವಾಸನೆಯ ಅಣುಗಳನ್ನು ಅದು ಬಹು ದೂರದಿಂದಲೇ ಹಿಡಿಯುತ್ತದೆ. ಅಕ್ಕೋರ ಹಿತ್ತಲಲ್ಲಿ ದಾಲ್ಚಿನ್ನಿ ಮರವಿದೆ. ಎಲೆ ತಿಂದು ತೂತು ಮಾಡುವ ಹುಳುವಿಗೆ ಅವರು ಹಾಕುತ್ತಿದ್ದ ಶಾಪ ಅಂದಿಗೆ ನಿಂತಿತು.

ದೀಪವನ್ನು ಇಡೀ ರಾತ್ರಿ ಉರಿಸುವುದಿಲ್ಲ. ಪಟ ತೆಗೆದು, ಎಣಿಸಿ, ಬರೆದುಕೊಂಡು ಆರಿಸುತ್ತಾರೆ. ಬದುಕೇ ಒಂದೆರಡು ವಾರವಿರುವ ಜೀವದ ರಾತ್ರಿಯನ್ನು ನಮ್ಮ ಬೆರಗಿಗಾಗಿ ಕಸಿಯಬಾರದಲ್ಲ.

ಉಸಿರಾಡುವ ಬೇರುಗಳ ನಡುವೆ

ಹಗಲು ಹೊತ್ತಿನ ನಡಿಗೆ ರಾಂಪತ್ರೆ ಜಡ್ಡಿಗೆ. ಒಳಗೆ ಕಾಲಿಟ್ಟರೆ ಹತ್ತು ಹೆಜ್ಜೆಗೇ ಬೇರೆ ಭೂಮಿ! ವರ್ಷವಿಡೀ ನೀರು ಜಿನುಗುವ ನೆಲ. ಕೆಲವು ಮರಗಳು ಬುಡದಿಂದ ನಾಲ್ಕೂ ದಿಕ್ಕಿಗೆ ಬೇರಿನ ಊರುಗೋಲುಗಳನ್ನು ಚಾಚಿ ನೀರಿನ ಮೇಲೆ ನಿಂತಿವೆ. ಇನ್ನು ಕೆಲವುದರ ಬೇರು ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಾಕಾರದಲ್ಲಿ ಬಾಗಿ ಮತ್ತೆ ಕೆಸರಿಗೆ ಇಳಿದಿವೆ. ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲ, ಹಾಗಾಗಿ ಬೇರು ಹೊರಗೆ ಬಂದು ಉಸಿ‌ರಾಡುತ್ತದೆ. ಜಾಯಿಕಾಯಿಯ ಕುಟುಂಬದ ಈ ಮರಗಳ ಬೀಜಕ್ಕೆ ಕೆಂಪು ಪತ್ರೆಯ ಹೊದಿಕೆ. ಅದರ ಆಸೆಗೆ ಮಂಗಟ್ಟೆಗಳು ಬರುತ್ತವೆ, ನುಂಗುತ್ತವೆ, ಬೀಜವನ್ನು ದೂರ ಒಯ್ದು ಉದುರಿಸುತ್ತವೆ. ಬೀಜ ಒಣಗಿತೋ, ಸತ್ತಿತು. ತೇವ ತಪ್ಪಿದ ನೆಲದಲ್ಲಿ ಈ ಕಾಡು ಮತ್ತೆ ಹುಟ್ಟುವುದಿಲ್ಲ.

ಇಂಥ ಒಂದು ಜಡ್ಡಿಯಲ್ಲೇ, ಕತ್ತಲೆಕಾನಿನಲ್ಲಿ, ದಾಸಪ್ಪ ಮತ್ತು ಸ್ವಾಮಿನಾಥ್ ಎಂಬ ಸಂಶೋಧಕರು ಕೇರುಮರದ ಕುಲದ ಹೊಸ ಮರವೊಂದನ್ನು 2000ದಲ್ಲಿ ಗುರುತಿಸಿದರು. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್! ಕಪ್ಪೆಯಾದರೆ ಕತ್ತಲಲ್ಲಿ ಅಡಗುತ್ತದೆ, ಪತಂಗವಾದರೆ ಹಾರಿಹೋಗುತ್ತದೆ. ಮುಗಿಲಿಗೆ ಎದ್ದ ಮರವೂ ಹೆಸರಿಲ್ಲದೆ ನಿಂತಿತ್ತು ಎಂದರೆ ನಂಬುವುದು ಹೇಗೆ? ಮೇಲೆ ಕೊಂಬೆ ಅಲುಗಿತು. ಬೂದು ಕೇಸರದ ಕರಿಮೋರೆಯೊಂದು ಕೆಳಗೆ ಇಣುಕಿತು, ಸಿಂಗಳೀಕ. ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಕಾಡಿನಲ್ಲಿ ಸಿಗದ ಈ ಮಂಗನ ಉತ್ತರದ ಕಟ್ಟಕಡೆಯ ನೆಲೆ ಇದೇ ಸಿದ್ದಾಪುರ–ಹೊನ್ನಾವರ ಸೀಮೆ. ಅದಕ್ಕಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯ ಕಾಡು ಸಂರಕ್ಷಿತ ಮೀಸಲಾಯಿತು.

ಜಡ್ಡಿಯಾಚೆ ಒಂದು ಅಬ್ಬಿ. ಬೀಳುವ ನೀರಿನ ಆರ್ಭಟಕ್ಕೆ ನಮ್ಮ ಮಾತು ನಮಗೇ ಕೇಳದು. ಇಲ್ಲಿ ಕೂಗಿ ಏನು ಪ್ರಯೋಜನ? ಆದರೂ ಒದ್ದೆ ಬಂಡೆಯ ಮೇಲೊಂದು ಕಂದು ಕಪ್ಪೆ ಕೂತಿದೆ. ಹುಡುಗಿ ಮೊದಲು ಕಂಡಳು: “ಅಲ್ಲೇ ಇದ್ದು ನೋಡು!” ನೋಡುತ್ತಿದ್ದಂತೆ ಅದು ಒಂದು ಹಿಂಗಾಲನ್ನು ಪಕ್ಕಕ್ಕೆ ಚಾಚಿತು, ಬೆರಳು ಬಿಡಿಸಿ ಬಿಳುಪಾದ ಜಾಲಪೊರೆಯನ್ನು ಮಿಂಚಿಸಿತು, ಮಡಚಿಕೊಂಡಿತು. ಕುಣಿಯುವ ಕಪ್ಪೆ! ಸದ್ದು ಸೋಲುವ ಕಡೆ ಕಾಲಿನ ಸನ್ನೆಯಲ್ಲಿ ‘ಇದು ನನ್ನ ಬಂಡೆ’ ಎನ್ನುತ್ತದೆ. ಮೈಕ್ರಿಕ್ಸಾಲಸ್ ಕುಲದ ಈ ಕುಣಿತಗಾರರಲ್ಲಿ ಹದಿನಾಲ್ಕು ಹೊಸ ಪ್ರಭೇದಗಳನ್ನು ಎಸ್.ಡಿ. ಬಿಜು ಮತ್ತು ತಂಡ 2014ರಲ್ಲಿ ಒಂದೇ ಏಟಿಗೆ ಹೆಸರಿಸಿತು. ಎಲ್ಲವೂ ನಮ್ಮ ಪಶ್ಚಿಮ ಘಟ್ಟದವೇ!

ನೋಟ್‌ಬುಕ್ಕಿನಿಂದ ಆಚೆಗೆ

ಇಷ್ಟೆಲ್ಲ ಬರೆದಿಟ್ಟು ಆಗುವುದೇನು? ಈ ಪ್ರಶ್ನೆಯನ್ನು ಊರಲ್ಲೂ ಕೇಳಿದವರಿದ್ದರು. ಉತ್ತರ ನಿಧಾನವಾಗಿ ನೋಟ್‌ಬುಕ್ಕೇ ಕೊಟ್ಟಿತು. ಅಡಿಕೆಗೆ ಕೊಳೆ ಬಂದ ವರ್ಷ ಯಾವ ಮಳೆ ಎಷ್ಟು ಹಿಡಿಯಿತು, ಹಾರುವ ಕಪ್ಪೆ ಮೊದಲ ನೊರೆಗೂಡು ಕಟ್ಟಿದ್ದು ಯಾವ ನಕ್ಷತ್ರದ ಮಳೆಗೆ, ಮಂಗಟ್ಟೆ ಯಾವ ಮರ ಬಿಟ್ಟುಹೋಯಿತು, ಎಲ್ಲ ಅಕ್ಕಪಕ್ಕದ ಸಾಲುಗಳಲ್ಲಿ ಕೂತಾಗ ಊರಿನ ಒಂದು ಹೊಸ ಪಂಚಾಂಗ ತಯಾರಾಯಿತು. ‘ಮೊದಲೆಲ್ಲ ಬಹಳ ಇದ್ದವು’ ಎನ್ನುವುದು ಬರೀ ಹಳಹಳಿಕೆ. ಇಂಥ ತಾರೀಕಿಗೆ, ಇಂಥ ಹಳ್ಳದಲ್ಲಿ, ಇಷ್ಟು ಕೂಗು ಕೇಳಿತು ಎನ್ನುವುದು ಸಾಕ್ಷಿ.

ಸಾಕ್ಷಿಗೆ ಬೆಲೆ ಕಟ್ಟುವ ಕಾನೂನೂ ಇದೆ. 2002ರ ಜೀವವೈವಿಧ್ಯ ಕಾಯಿದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ. ಊರವರ ತಿಳಿವಳಿಕೆಯನ್ನು ಕೂಡಿಸಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸುವುದು ಆ ಸಮಿತಿಯ ಕೆಲಸ. ಕಾಡಿನ ಅಂಚಿನ ಜನ ಬರೀ ಮಾಹಿತಿ ಕೊಡುವವರಲ್ಲ, ಅವರೇ ತಜ್ಞರು ಎಂದು ಮಾಧವ ಗಾಡ್ಗೀಳರು ಕರ್ನಾಟಕದ ಹಳ್ಳಿಗಳಲ್ಲಿ ಓಡಾಡಿ ವಾದಿಸಿದ ವಿಚಾರ ಈ ದಾಖಲಾತಿಯ ಬೆನ್ನಿಗಿದೆ. ಇನ್ನೊಂದು ದಾರಿ ಫೋನಿನದು. ಹಕ್ಕಿಯಾದರೆ ಇಬರ್ಡ್, ಉಳಿದ ಜೀವಿಗಳಾದರೆ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್. ಜಗಲಿಯಲ್ಲಿ ಕೂತು ಏರಿಸಿದ ಪಟವನ್ನು ಎಲ್ಲೋ ದೂರದ ತಜ್ಞರೊಬ್ಬರು ನೋಡಿ ಹೆಸರು ಹೇಳುತ್ತಾರೆ. ಅಪಾಯದಲ್ಲಿರುವ ಜೀವಿಯಾದರೆ ಐನ್ಯಾಚುರಲಿಸ್ಟ್ ತಾನಾಗಿಯೇ ನಿಖರ ಜಾಗವನ್ನು ಮಸುಕು ಮಾಡುತ್ತದೆ. ಬಳಗವೂ ಹಾಗೆಯೇ. ಊರ ಹೆಸರು ಕೇಳಿದವರಿಗೆಲ್ಲ ಹಳ್ಳದ ದಾರಿ ಹೇಳುವುದಿಲ್ಲ.

ಬರಹ ಊರನ್ನೂ ಬದಲಿಸುತ್ತದೆ. ತೋಟದ ಕೆರೆಯ ಯಜಮಾನರು ಮಳೆಗೆ ಮುಂಚೆ ದಂಡೆಯ ಪೊದೆಯನ್ನೆಲ್ಲ ಸವರಿ ಚೊಕ್ಕಟ ಮಾಡುತ್ತಿದ್ದವರು. ನೊರೆಗೂಡುಗಳ ಲೆಕ್ಕ ಕಣ್ಣಮುಂದೆ ಬಂದ ಮೇಲೆ, ನೀರಿನ ಮೇಲೆ ಬಾಗಿದ ಕೊಂಬೆಗಳಿಗೆ ನವರಾತ್ರಿ ಕಳೆಯುವ ತನಕ ಕತ್ತಿ ತಾಗಿಸುವುದಿಲ್ಲ. ಯಾರೂ ಭಾಷಣ ಮಾಡಲಿಲ್ಲ, ಫಲಕ ಹಾಕಲಿಲ್ಲ. ಅವರ ಕೈಬರಹದಲ್ಲೇ ಸಾಲುಗಳಿದ್ದವು, ಅವನ್ನು ಅವರೇ ಓದಿದರು.

ನಿಮ್ಮೂರಲ್ಲಿ ಕಾನಿಲ್ಲ, ಜಡ್ಡಿಯಿಲ್ಲ ಎನ್ನುತ್ತೀರಾ? ಬಯಲುಸೀಮೆಯ ಕೆರೆಗೆ ಹೋಗಿ. ಮೊದಲ ದೊಡ್ಡ ಮಳೆಗೆ ಗೋಂಕರುಕಪ್ಪೆಯ ಗಂಡು ಮೈಯೆಲ್ಲ ಹಳದಿ ಬಳಿದುಕೊಂಡು, ಗಂಟಲ ಎರಡೂ ಪಕ್ಕದಲ್ಲಿ ನೀಲಿ ಚೀಲ ಉಬ್ಬಿಸಿ ಮೆರೆಯುವುದನ್ನು ನೋಡಿದ ಮೇಲೆ ಹೇಳಿ. ಗದಗದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದಿಳಿಯುತ್ತವೆ. ಅಂಕಸಮುದ್ರದ ಕೆರೆಯ ಜಾಲಿಮರಗಳು ಹಕ್ಕಿಗೂಡುಗಳ ಭಾರಕ್ಕೆ ತೂಗುತ್ತವೆ. ಈ ಎರಡು ಕೆರೆಗಳೂ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದವು. ಶುರು ಮಾಡಲು ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು, ಮಳೆಗೆ ಹೆದರದ ಎರಡು ಜೊತೆ ಕಾಲು.

ಈ ಬಳಗದ ನೋಟ್‌ಬುಕ್ಕಿನಲ್ಲಿ ಹೆಸರಿನ ಮನೆ ಖಾಲಿ ಬಿಟ್ಟ ಸಾಲುಗಳು ಇನ್ನೂ ಇವೆ. ಅವುಗಳಲ್ಲಿ ಒಂದು, ಕೊನೆಗೌಡರು “ಆ ಬದಿದು ಬೇರೆ” ಎಂದ ಕೂಗು. ಧ್ವನಿಮುದ್ರಣ ಬಲ್ಲವರ ಕೈಗೆ ಹೋಗಿದೆ. ಗೊತ್ತಿರುವ ಕಪ್ಪೆಯೇ ಇರಬಹುದು, ನಾವು ಕೇಳಿರದ ಅದರ ಇನ್ನೊಂದು ಕೂಗಿರಬಹುದು. ಅಥವಾ? ಆ ‘ಅಥವಾ’ ಒಂದೇ ಸಾಕು, ಜಗಲಿಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗುವುದಿಲ್ಲ. ಹುಡುಗಿ ಮೂರು ಸಲ ಫೋನು ನೋಡಿದಳು. ಕೊನೆಗೌಡರು ಅಂಗಳಕ್ಕೆ ಇಳಿದು ಆಕಾಶ ನೋಡಿ ಬಂದರು.

“ಮಳೆ ಹೊಳವಾಯ್ತು ಮಾಸ್ತರೇ. ಕೂಗಿದ್ದು ಯಾರಂತ ಕಣ್ಣಾರೆ ನೋಡೇ ಬಿಡುವ, ಏಳಿ.”

ಕಷಾಯದ ಲೋಟಗಳು ಅರ್ಧಕ್ಕೇ ಉಳಿದವು. ಗಂಬೂಟಿಗೆ ನೂಕುನುಗ್ಗಲು!